ಎಡಗಡೆಯ ಗಾಜು

ಇದು ಕಟ್ಟಿದ ಕತೆಯಲ್ಲ. ಹೋದ ಸಂಕ್ರಾಂತಿಯ ಮುಂಚಿನ ಚಳಿಯಲ್ಲಿ, ಹೈದರಾಬಾದಿನ ಕುಷಾಯಿಗೂಡದಲ್ಲಿ ನಮ್ಮ ಪಕ್ಕದ ಮನೆಯ ವೈಜನಾಥನಿಗೆ ಆದದ್ದು. ಅವನು ಬೀದರ ಕಡೆಯವನು, ಲೇತ್ ಕೆಲಸ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಎರಡು ವರ್ಷದಿಂದ ತನ್ನ ಕೈಯಾರೆ ಒಂದು ಕಾರು ಕಟ್ಟುತ್ತಿದ್ದ. ಕೊಂಡದ್ದಲ್ಲ, ಕಟ್ಟಿದ್ದು. ಅದಕ್ಕೇ, ಮುಂದೆ ಹಿಂದೆ ಗಾಜು ಕೂತಿದ್ದರೂ, ಅಂಗಡಿಯ ಯಾವ ಗಾಜೂ ಅದರ ಎರಡು ಬಾಗಿಲಿಗೆ ಹೊಂದುತ್ತಿರಲಿಲ್ಲ.

ಆ ರಾತ್ರಿ ಅವನು ಎರಡು ಗಾಜುಗಳನ್ನು ಹಳೇ ಚಾದರಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ಪಾಳುಬಾವಿಯ ದಾರಿಯಲ್ಲಿ ನಡೆದು ಬರುತ್ತಿದ್ದ. ಆಟೋದ ಕುಲುಕಿಗೆ ಒಡೆದಾವು ಎಂದು ನಡಿಗೆ. ಗುಜರಿಯಲ್ಲಿ ಸಿಕ್ಕ ಹಳೇ ವ್ಯಾನಿನ ಮುಂದಿನ ಗಾಜು ಅದು. ರಟ್ಟಿನ ಅಳತೆ ಕೊಟ್ಟು ಎರಡು ತುಂಡು ಮಾಡಿಸಿದ್ದ. ಎಲ್ಲ ಗಾಜೂ ಹಾಗೆ ಕತ್ತರಿಸಲು ಬರುವುದಿಲ್ಲ, ಪುಡಿಯಾಗುತ್ತದೆ. ಇದು ನಡುವೆ ಪ್ಲಾಸ್ಟಿಕ್ ಹಾಳೆ ಇರುವ ಜೋಡುಗಾಜು. ಗುದ್ದಿದರೆ ಬಿರುಕು ಬಿಟ್ಟೀತೇ ಹೊರತು ಬೀಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

“ಕೆರೆಯಿಂದ ಎತ್ತಿದ ಗಾಡಿ, ಆದರೂ ಗಾಜಿಗೆ ಒಂದು ಗೀರಿಲ್ಲ” ಎಂದು ಗುಜರಿಯವನು ಹಿಂದಿಯಲ್ಲಿ ಹೊಗಳಿದ್ದ. ವೈಜನಾಥ ಆಗ ಅದನ್ನು ಯೋಚಿಸಲಿಲ್ಲ.

ಬಾವಿಯ ಹತ್ತಿರ ಚಾದರಿನೊಳಗೆ ಸದ್ದಾಯಿತು. ಕಿರ್ರ್… ಒದ್ದೆ ಬೆರಳು ಎಳೆದ ಹಾಗೆ. ಗಾಜಿಗೆ ಗಾಜು ಉಜ್ಜಿರಬೇಕು ಎಂದುಕೊಂಡ.

“ಈಗ ಕೂಡಸಾಕ ಹೊಂಟ್ರ್ಯಾ?” ಮನೆ ಮುಟ್ಟಿದಾಗ ಹೆಂಡತಿ ವತ್ಸಲಾ ಪಿಸುಗುಟ್ಟಿದಳು. ಕೂಸು ಆಗಷ್ಟೇ ಮಲಗಿತ್ತು.

“ಅರ್ಧಾ ತಾಸಿನ ಕೆಲಸ ಐತಿ.”

“ಮೊದಲ ಒಳಗೊಂದು ಹಿಡಿಕಿ ಹಾಕ್ರಿ. ಕಿಟಕ್ಯಾಗ ಕೈ ಚಾಚಿ ಬಾಗಲಾ ತಗಿಯೂ ಕಾರು ಇಡೀ ಹೈದರಾಬಾದಿನ್ಯಾಗ ನಿಮ್ದೊಂದ ನೋಡ್ರಿ!”

ಅವನು ನಕ್ಕ. ಮಾತು ಖರೆ. ಹಿಡಿಕೆ ಹೊರಗೆ ಮಾತ್ರ ಇತ್ತು. ಇಳಿಯಬೇಕಾದರೆ ಗಾಜಿಲ್ಲದ ಕಿಟಕಿಯಿಂದ ಕೈ ಹಾಕಿ ಅದನ್ನು ಎಳೆಯುವುದು. ಎರಡು ವರ್ಷದ ರೂಢಿ.

ರಬ್ಬರಿಗೆ ಸೋಪಿನ ನೀರು ಹಚ್ಚಿ, ಹೊರಗೆ ನಿಂತೇ ಎರಡೂ ಗಾಜು ಕೂಡಿಸಿದ. ಫೋನಿನ ಬೆಳಕನ್ನು ಸ್ಟೂಲಿನ ಮೇಲೆ ಇಟ್ಟಿದ್ದ. ಸಂದಿ ಉಳಿದಿದೆಯೇ ನೋಡೋಣವೆಂದು ಎಡಬಾಗಿಲು ಮುಚ್ಚಿ, ಬಲಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡ.

ಟಕ್.

ಚೆನ್ನಾಗಿ ಕೂತಿತು. ಇಳಿಯಲು ರೂಢಿಯಂತೆ ಕೈ ಹೊರಗೆ ಚಾಚಿದ… ಬೆರಳು ಗಾಜಿಗೆ ಬಡಿದವು.

ಫೋನು ಹೊರಗೆ. ಸುತ್ತಿಗೆಯೂ ಹೊರಗೆ. ಗುದ್ದಿದ. ಧಪ್. ಗಾಜು ಅಲುಗಲಿಲ್ಲ. ಕೂಗಿದ. ಕೂಗು ತನ್ನ ಕಿವಿಗೇ ಬಂದು ಬಿತ್ತು. ಉಸಿರಿಗೆ ಬಲಗಾಜು ಮಂಜಾಯಿತು. ಅದು ಸಹಜ, ಚಳಿಯಲ್ಲಿ ಹಾಗಾಗುತ್ತದೆ.

ಆದರೆ ಎಡಗಾಜೂ ಮಂಜಾಗುತ್ತಿತ್ತು… ಒಂದೇ ಕಡೆ. ಕೂತವರ ಮುಖದ ಎತ್ತರಕ್ಕೆ. ಬರುವುದು, ಅಳಿಯುವುದು. ಬರುವುದು, ಅಳಿಯುವುದು.

ವೈಜನಾಥ ಉಸಿರು ಬಿಗಿಹಿಡಿದ.

ಅದು ನಿಲ್ಲಲಿಲ್ಲ.

ಕಿರ್ರ್… ಮಂಜಿನ ಮೇಲೆ ಸಣ್ಣದೊಂದು ಅಂಗೈಯ ಗುರುತು ಮೂಡಿ, ಕೆಳಕ್ಕೆ ಜಾರಿತು. ಗಾಜು ಮುಗಿದಲ್ಲಿಂದ ಸದ್ದು ಬಾಗಿಲ ತಗಡಿಗೆ ಇಳಿಯಿತು. ತಪ್… ತಪ್… ಹಿಡಿಕೆ ಇರಬೇಕಾದ ಜಾಗದಲ್ಲಿ ಯಾರೋ ತಡಕಾಡುತ್ತಿದ್ದರು.

“ಇಲ್ಲ,” ಅವನು ಪಿಸುಗುಟ್ಟಿದ. “ಅಲ್ಲೂ ಹಿಡಿಕಿ ಇಲ್ಲ.”

ಸದ್ದು ನಿಂತಿತು. ಆಮೇಲೆ ಎಡಗಾಜಿನ ಮೇಲೆ ಗುದ್ದು ಶುರುವಾಯಿತು. ಧಪ್ ಧಪ್ ಧಪ್. ಅವನೂ ತನ್ನ ಕಡೆಯ ಗಾಜನ್ನು ಗುದ್ದತೊಡಗಿದ.

ಎಷ್ಟು ಹೊತ್ತಿಗೋ ವತ್ಸಲಾ ಬಂದು ಬಲಬಾಗಿಲು ತೆರೆದಳು. “ಏನ್ರೀ ಇದು? ಎರಡೂ ಕಡಿಂದ ಬಡಿಯಾಕತ್ತಿದ್ರಲ್ಲ?”

ಅವನು ಇಳಿದವನೇ ಅವಳ ಕೈ ಹಿಡಿದು ಮನೆಯೊಳಗೆ ನಡೆದ.

ಮರುದಿನ ಕೆಲಸಕ್ಕೆ ಹೋಗದೆ ಒಳಹಿಡಿಕೆ ಮಾಡಿ ಕೂಡಿಸಿದ. ಮೊದಲು ಎಡಬಾಗಿಲಿಗೆ. ಎರಡೂ ಬಾಗಿಲು ಮುಚ್ಚಿ, ಶೆಡ್ಡಿಗೆ ಬೀಗ ಹಾಕಿ, ಕೀಲಿಯನ್ನು ನಮ್ಮ ಮನೆಯಲ್ಲಿ ಕೊಟ್ಟ. ಮನೆಯಲ್ಲಿ ಇಟ್ಟುಕೊಳ್ಳಲು ಅವನಿಗೆ ಧೈರ್ಯವಿರಲಿಲ್ಲ.

ಮಾರನೆಯ ಬೆಳಿಗ್ಗೆ ಬೀಗ ತೆಗೆದವನು ನಾನೇ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಮಳೆಯಾಗಿ ಎರಡು ತಿಂಗಳಾಗಿತ್ತು. ತಗಡು ಎಲ್ಲೂ ಸೋರಿರಲಿಲ್ಲ, ಅದನ್ನೂ ನೋಡಿದೆ.

ಎಡಬಾಗಿಲು ತೆರೆದಿತ್ತು. ಆ ಸೀಟೊಂದು ಮಾತ್ರ ಒದ್ದೆಯಾಗಿತ್ತು.