ಎಡ ಅಂಚಿನ ಸೇಥ್

ಮಧ್ಯಾಹ್ನ ಎರಡರ ಹೊತ್ತಿಗೆ ಮೈದಾನ ಕೆರೆಯಾಗಿತ್ತು. ರೆಫರಿ ಕೊಡೆ ಹಿಡಿದು ನಡುವೆ ಹೋಗಿ ಚೆಂಡು ಕೆಡವಿದ. ಅದು ಪುಟಿಯದೆ ಬಿದ್ದಲ್ಲೇ ತೇಲಿತು. ಆಟ ರದ್ದಾಯಿತು. ಬಸ್ಸು ಬರುವವರೆಗೆ ನಾವು ಐದಾರು ಆಟಗಾರರು ಪ್ರೇಕ್ಷಕರು ಕೂರುವ ಸ್ಟ್ಯಾಂಡಿನ ಕೆಳಗಿನ ಬಟ್ಟೆ ಒಗೆಯುವ ಕೋಣೆಗೆ ನುಗ್ಗಿದೆವು. ಹಾರ್ಕ್‌ಡೇಲ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಬೆಚ್ಚಗಿನ ಜಾಗವೆಂದರೆ ಅದೊಂದೇ. ನಲವತ್ತು ವರ್ಷಗಳಿಂದ ಆಟಗಾರರ ಅಂಗಿ ಒಗೆಯುತ್ತಿದ್ದ ಆ್ಯಗ್ನೆಸ್ ಅಜ್ಜಿ ಹಂಡೆಯ ಬೆಂಕಿಯ ಮುಂದೆ ಕೂತಿದ್ದಳು.

"ಅಜ್ಜೀ, ಈ ಮೈದಾನದಲ್ಲಿ ದೆವ್ವ ಇದೆಯಂತಲ್ಲ, ಗೋಲು ಹೊಡೆಯುತ್ತಾ ಅದು?" ಎಂದ ನಮ್ಮ ಗೋಲ್‌ಕೀಪರ್ ಹಾವರ್ತ್.

"ನೀನು ಗೋಲಲ್ಲಿ ನಿಂತಿದ್ರೆ ಯಾರು ಬೇಕಾದ್ರೂ ಹೊಡೀತಾರೆ." ಅಜ್ಜಿ ನಗಲಿಲ್ಲ. "ಬಾಗಿಲು ಹಾಕು. ಕೂತ್ಕೊಳ್ಳಿ ಎಲ್ಲಾ."

ಹಂಡೆಯ ಒಲೆಗೆ ಇನ್ನಷ್ಟು ಇದ್ದಿಲು ಹಾಕಿ ಅವಳು ಶುರುಮಾಡಿದಳು.

"ಸೇಥ್ ಆರ್ಮರಾಡ್ ಅಂತ ಅವನ ಹೆಸರು. ಹದಿನಾಲ್ಕನೇ ಇಸವಿ, ಮೊದಲನೇ ಮಹಾಯುದ್ಧದ ವರ್ಷ. ಎಡ ಅಂಚಲ್ಲಿ ಆಡ್ತಿದ್ದ. ಅವನ ಕಾಲಿಗೆ ಚೆಂಡು ಸಿಕ್ತು ಅಂದ್ರೆ ಇಡೀ ಸ್ಟ್ಯಾಂಡು ಎದ್ದು ನಿಲ್ತಿತ್ತು... ಅದೇ ಸ್ಟ್ಯಾಂಡು, ಯುದ್ಧ ಶುರುವಾಗಿ ಎರಡು ತಿಂಗಳಿಗೆ, ನಮ್ಮ ಮಕ್ಕಳು ಫ್ರಾನ್ಸಲ್ಲಿ ಸಾಯ್ತಿರುವಾಗ ಇವನು ಸಂಬಳ ತಗೊಂಡು ಚೆಂಡು ಒದೀತಾನೆ, ಹೇಡಿ, ಹೇಡಿ ಅಂತ ಕೂಗ್ತು. ಗ್ರಿಂಶಾ ಅಂತ ಮಿಲ್ಲಿನ ಯಜಮಾನ ಕ್ಲಬ್ಬಿಗೆ ಅಧ್ಯಕ್ಷ. ಒಂದು ಶನಿವಾರ ವಿರಾಮದಲ್ಲಿ ಹನ್ನೊಂದು ಜನರನ್ನೂ ಗೆರೆ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಸೈನ್ಯದ ಸಾರ್ಜೆಂಟನ್ನ ಇಟ್ಕೊಂಡು, 'ಸೈನ್ಯ ಸೇರೋಕೆ ಯಾರು ಮೊದಲು?' ಅಂದ. ಅವನ ಸ್ವಂತ ಮಗ ಎಲ್ಲಿದ್ದ ಅಂತೀರಿ? ಮೇಲೆ, ಕಾಲಿಗೆ ಕಂಬಳಿ ಹೊದ್ಕೊಂಡು ಆಟ ನೋಡ್ತಿದ್ದ.

"ಎಂಟು ಜನ ಮುಂದೆ ಬಂದ್ರು. ಸೇಥ್ ಬರಲಿಲ್ಲ. ಹೆಂಡತಿ ಲೆಟ್ಟಿಗೆ ಆಗ ಏಳು ತಿಂಗಳು... ಅಷ್ಟರಲ್ಲಿ ಒಬ್ಬಳು ಬೇಲಿ ದಾಟಿ ಹೋಗಿ, ಅಷ್ಟು ಜನರ ಎದುರು, ಅವನ ಅಂಗಿಗೆ ಬಿಳಿ ಗರಿ ಚುಚ್ಚಿದಳು. ಹೇಡಿಗಳಿಗೆ ಆಗ ಅದನ್ನೇ ಕೊಡ್ತಿದ್ದದ್ದು. ಜನ ಚಪ್ಪಾಳೆ ತಟ್ಟಿದ್ರು. ಯಾರವಳು, ಗೊತ್ತಾ?" ಅಜ್ಜಿ ತನ್ನ ಕೆಂಪು ಕೈಗಳನ್ನು ನೋಡಿಕೊಂಡಳು. "ನಾನೇ. ಬೆಳಿಗ್ಗೆ ನಾನೇ ಒಗೆದು ಕೊಟ್ಟಿದ್ದ ಅಂಗಿ ಅದು.

"'ಈಗ ಸಮಾಧಾನ ಆಯ್ತೇನೆ ಆ್ಯಗೀ?' ಅಂದ. ಒಂದೇ ಹೆಜ್ಜೆ ಮುಂದೆ ಇಟ್ಟ.

"ಹದಿನಾರನೇ ಇಸವಿ, ನವೆಂಬರ್. ಇಂಥದ್ದೇ ಮಳೆ, ಆದರೂ ಆಡಿಸ್ತಿದ್ರು. ನೋಡ್ತೀನಿ, ನಮ್ಮ ಹೊಸ ಆಟಗಾರ ಬೆನ್ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗಿಸ್ಕೊಂಡು, ಸೇಥ್! ಮಳೆ ಸುರೀತಿದೆ, ಅವನ ತಲೆಗೂದಲು ಒಣಗಿದೆ. ಮೊಣಕಾಲವರೆಗೆ ಕೆಸರು... ನಮ್ಮೂರಿನ ಕರಿ ಕೆಸರಲ್ಲ, ಸುಣ್ಣದ ಥರ ಬಿಳೀದು. ಗೆರೆ ಹತ್ತಿರ ಓಡಿಹೋಗಿ, 'ಯಾವಾಗ ಬಂದ್ಯೋ?' ಅಂದೆ. ನನ್ನ ಕಡೆ ತಿರುಗಿ, 'ಇವನನ್ನೂ ಕಳಿಸ್ತೀಯಾ?' ಅಂತ ಕೇಳಿದ. ಬೆನ್ ನನ್ನ ಮುಖ ನೋಡಿ, 'ಯಾರ ಹತ್ರ ಮಾತಾಡ್ತಿದೀಯಾ?' ಅಂದ.

"ಮಂಗಳವಾರ ಲೆಟ್ಟಿಗೆ ಕಾಗದ ಬಂತು. ಸೇಥ್ ಸತ್ತು ಆಗಲೇ ಒಂಬತ್ತು ದಿನ. ಫ್ರಾನ್ಸಿನ ಆ ನೆಲವೇ ಸುಣ್ಣವಂತೆ. ಅದೇ ವಾರ ಬೆನ್‌ಗೂ ಸೈನ್ಯದ ಕರೆ ಬಂತು... ಮುಂದಿನ ಬೇಸಿಗೆ ನೋಡೋಕೆ ಅವನು ಉಳೀಲಿಲ್ಲ. ಯುದ್ಧ ಮುಗಿದ ಮೇಲೆ ಗ್ರಿಂಶಾ ಸ್ಮಾರಕದ ಕಲ್ಲು ನಿಲ್ಲಿಸಿದ. ಅದರಲ್ಲಿ ಸೇಥ್ ಅನ್ನೋ ಬದಲು ಸ್ಯಾಮ್ ಅಂತ ಕೆತ್ತಿಸಿದ್ದ. ತಿದ್ದಿಸಿ ಅಂತ ಲೆಟ್ಟಿ ಹೋಗಿ ಕೇಳಿದ್ರೆ, ಕಲ್ಲು ಅಂದಗೆಡುತ್ತೆ ಅಂದ!

"ಮೂವತ್ತೊಂಬತ್ತರಲ್ಲಿ ಮತ್ತೆ ಯುದ್ಧ ಬಂದಾಗ ಸೇಥ್ ನಮ್ಮ ಆಟಗಾರ ಕ್ಲೆಗ್ ಪಕ್ಕ ನಿಂತಿದ್ದ. ಕ್ಲೆಗ್ ಹಡಗಿನ ಜೊತೆ ಮುಳುಗಿದ. ಸೇಥ್ ಕರ್ಕೊಂಡು ಹೋಗೋಕೆ ಬರ್ತಾನಾ, ಹೋಗಬೇಡ ಅನ್ನೋಕೆ ಬರ್ತಾನಾ... ನನಗಿವತ್ತಿಗೂ ಗೊತ್ತಾಗಿಲ್ಲ."

ಅಜ್ಜಿ ತಲೆಯೆತ್ತಿ ಕೇಳಿದಳು: "ಈಗ ಕೊರಿಯಾದಲ್ಲಿ ಯುದ್ಧ ಅಂತಾರಲ್ಲ, ಅಲ್ಲಿಗೆ ಕರೆದು ನಿಮ್ಮಲ್ಲಿ ಯಾರಿಗೆ ಬಂದಿದೆ ಕಾಗದ?"

ಹಾವರ್ತ್ ಕೂಡ ನಗಲಿಲ್ಲ. ಬೆಳಿಗ್ಗೆ ಬಂದ ಕಾಗದವನ್ನು ನಾನಿನ್ನೂ ನನ್ನ ಅಮ್ಮನಿಗೂ ತೋರಿಸಿರಲಿಲ್ಲ.

ಅಜ್ಜಿ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಬಲಹೆಗಲಿನ ಪಕ್ಕ, ಬೆಂಚು ಖಾಲಿಯಿದ್ದ ಕಡೆ ನೋಡುತ್ತಿದ್ದಳು.

"ಈ ಸಲ ಕಳಿಸ್ತಿರೋದು ನಾನಲ್ಲ ಕಣೋ ಸೇಥ್," ಅಂದಳು.