ಮೊದಲ ಆಲೂಗಡ್ಡೆ

ಪೆರು ದೇಶದ ಲಿಮಾದ ಸಿಟಿ ಬಸ್ಸಿನಲ್ಲಿ ಮುದುಕ ಅಬುಂದಿಯೊ ಆಗಷ್ಟೇ ಕಣ್ಣು ಮುಚ್ಚಿದ್ದ. ಹಿಂದಿನ ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳು ತನ್ನ ಚಿಕ್ಕಮ್ಮನ ಮುಂದೆ ಕೆಂಡ ಕಾರುತ್ತಿದ್ದಳು. ಅವನ ನಿದ್ದೆ ಹಾರಿಹೋಯಿತು.

“ಟಿವಿ ಚರ್ಚೇಲಿ ನಮ್ಮ ಅಭ್ಯರ್ಥಿ ಮಾತೆತ್ತಿದ್ರೆ ‘ಭೂಮಿತಾಯಿ, ಭೂಮಿತಾಯಿ’ ಅಂದ್ನಲ್ಲ, ಆ ಮಾತೆಲ್ಲ ಬರ್ಕೊಟ್ಟಿದ್ದು ಎಬೆರ್ತೊ ಸಾಹೇಬ್ರಂತೆ!”

“ನಿಂಗೆ ಪಕ್ಷದ ಆಫೀಸಲ್ಲಿ ಕೆಲಸ ಕೊಡ್ತೀನಿ ಅಂದೋರು ಅವ್ರೇ ಅಲ್ವಾ? ಪುಣ್ಯಾತ್ಮರು, ನಿನ್ನೆ ಅಷ್ಟು ದೊಡ್ಡ ಹೋಟೆಲಿಗೆ ಕರ್ಕೊಂಡು ಹೋದ್ರು. ಏನ್ ತಿಂದ್ಯೇ ನೈದಾ?”

“ಏನ್ ಮಣ್ಣು ತಿನ್ನೋದು! ತಟ್ಟೆ ಬದಲು ಹೊಳೆಯೋ ಕಲ್ಲು, ಅದರ ಮೇಲೆ ಮೂರೇ ಮೂರು ಆಲೂಗಡ್ಡೆ. ನಮ್ಮ ಬೆಟ್ಟದೂರಲ್ಲಿ ಮಾಡೋ ಹಾಗೇ ಮಣ್ಣಲ್ಲಿ ಸುಟ್ಟಿದ್ದು.”

“ಮತ್ಯಾಕೆ ಸಿಟ್ಟು?”

“ಮೊದಲನೇದನ್ನ ಭೂಮಿತಾಯಿಗೆ ಅಂತ ನೆಲಕ್ಕಿಟ್ಟೆ, ಅಜ್ಜಿ ಇಡ್ತಿದ್ದ ಹಾಗೆ. ವೇಟರ್ ಓಡಿಬಂದು ಎತ್ಕೊಂಡ, ನೆಲ ಒರೆಸಿದ. ಸಾಹೇಬ್ರು ಹೊಟ್ಟೆ ಹಿಡ್ಕೊಂಡು ನಕ್ಕು, ‘ಇದು ನಿಮ್ಮೂರಲ್ಲಮ್ಮ, ಗಲೀಜು ಮಾಡ್ಬೇಡ’ ಅಂದ್ರು.”

“ನೀನು ಸುಮ್ನಿದ್ದೆ ತಾನೇ?”

“ಎರಡನೇದನ್ನೂ ಅಲ್ಲೇ ಇಟ್ಟು ಎದ್ದುಬಂದೆ.”

ಬಸ್ಸು ನಿಂತಿತು. ಚಿಕ್ಕಮ್ಮ ಚೀಲ ಎತ್ತಿಕೊಂಡು ಮೆಟ್ಟಿಲಿಳಿಯುತ್ತ ಕೇಳಿದಳು, “ಅಯ್ಯೋ, ಕೆಲಸ?”

“ಅದೂ ಅಲ್ಲೇ ನೆಲದ ಮೇಲಿದೆ. ಎತ್ಕೊಂಡು ಒರೆಸ್ಕೊಳ್ಳಲಿ!”