ಟೈರು ನೋಡ್ಬುಟ್ಟು ಬತ್ತೀನಿ

ಬ್ಯಾಡ ಅಂದ್ರೆ ಬ್ಯಾಡ ಕಣಣ್ಣ! ಎಷ್ಟು ಸಲ ಯೋಳದು ನಿಂಗೆ? ನಾಳೆ ಮೈಸೂರ್ಗೂ ಓಗ್ಬ್ಯಾಡ, ಆ ಸೂಜಿಗೂ ಮೈ ಕೊಡ್ಬ್ಯಾಡ. ಒಡಹುಟ್ಟಿದ ತಮ್ಮ ನಾನು, ನಿನ್ ಕೆಟ್ಟದ್ದಕ್ಕೆ ಯೋಳ್ತೀನಾ? ನಾಳೆ ಮೈಸೂರ್ಗೆ ಓಗೋದದೆ ಅಂತ ನಮ್ ಕಂಡಕ್ಟ್ರು ಅಶೋಕನ ಕೈಲಿ ನೀನು ಯೋಳಿ ಕಳ್ಸುದ್ದೇ ತಡ, ಬೇರೆ ಡ್ರೈವರ್ಗೆ ಗಾಡಿ ಒಪ್ಸಿ ಓಡ್ ಬಂದೀನಿ. ಆ ಅವರೆಕಾಯಿ ಸುಲಿಯೋದ ಒಂದ್ಗಳಿಗೆ ನಿಲ್ಸಿ ಇತ್ಲಾಗೆ ನೋಡಣ್ಣ. ನಿಂಗೆ ಕುಳ್ಳಯ್ಯ ಅಂತ ಎಸ್ರಿಟ್ಟವ್ರು ಕಲ್ಲಯ್ಯ ಅಂತ ಇಡ್ಬೇಕಾಗಿತ್ತು. ಕುಂತ್ರೆ ಕುಂತೇ ಇರ್ತೀಯ, ಬಾಯೇ ಬುಡಾಕಿಲ್ಲ.

ಅಲ್ಲಾ, ಏನಾಗದೆ ನಿಂಗೆ ಅಂತೀನಿ! ಅರವತ್ಮೂರು ವರ್ಸಕ್ಕೆ ಇವತ್ತೂ ಒಂದು ಹೊರೆ ಹುಲ್ಲು ಹೊತ್ಕಂಡು ಬತ್ತೀಯ. ಉಣ್ತೀಯ, ಮಲಗ್ತೀಯ, ಎಲ್ಲಾ ನೆಟ್ಗದೆ. ಯಾವ್ದೋ ಕಾಗದದ ಮ್ಯಾಲೆ ಪ್ರಾಸ್ಟೇಟಿನ ಪಿ.ಎಸ್.ಎ. ಮೂವತ್ತೆಂಟು ಅಂತ ಬರ್ದವ್ರೆ, ನಾಲ್ಕರೊಳಗೆ ಇರ್ಬೇಕಾಗಿತ್ತು ಅಂದವ್ರೆ, ಅಷ್ಟಕ್ಕೇ ಹೊರಟು ನಿಂತವ್ನೆ ನಮ್ಮಣ್ಣ! ಕ್ಯಾಂಪಿನ ರಿಪೋರ್ಟು ಕಣಣ್ಣ ಅದು. ನಮ್ ಬಸ್ಸಿನ ಯಜಮಾನ್ರು ಪಾಂಡವಪುರದಲ್ಲಿ ಪೆಂಡಾಲು ಹಾಕ್ಸಿ, ಡ್ರೈವರು, ಕಂಡಕ್ಟ್ರು, ಅವರ ಮನೇವ್ರು ಅಂತ ಎಲ್ಲಾರ್ದೂ ಒಂದೇ ದಿನ ರಕ್ತ ತೆಗ್ಸುದ್ರು. ಇನ್ನೂರು ಸೀಸೆ! ಇನ್ನೂರು ಸೀಸೇಲಿ ಒಂದು ಅದ್ಲುಬದ್ಲು ಆಗಾಕಿಲ್ವಾ?

...ಯಾಕಂಗೆ ನೋಡ್ದೆ? ಮಾತಿಗಂದೆ ಕಣಣ್ಣ. ಬರೀ ಮಾತಿಗೆ.

ಕೇಳು ಇಲ್ಲಿ. ಈ ಪ್ರಾಸ್ಟೇಟು ಅಂಬೋದು ಗಂಡಸ್ರೆಲ್ಲಾರ್ಗೂ ಇರೋ ಗಂಟು. ಉಚ್ಚೆ ಚೀಲದ ಕೆಳಗೆ, ನಳಿಗೆ ಸುತ್ತ ಕುಂತಿರ್ತದೆ. ವಯಸ್ಸಾಯ್ತಾ ಆಯ್ತಾ ಊದ್ಕತದೆ, ನಳಿಗೆ ಅಮುಕ್ತದೆ. ತಲೆ ನರೆಯಾಕಿಲ್ವಾ, ಅಂಗೆ. ಊದ್ಕಂಡದ್ದೆಲ್ಲಾ ಕ್ಯಾನ್ಸರ್ ಅಲ್ಲ ಕಣಣ್ಣ! ಸೋಂಕಾದ್ರೂ ಆ ನಂಬರು ಏರ್ತದಂತೆ. ಅಶೋಕನ ಮಾವ ದೇವಲಾಪುರದಲ್ಲವ್ನೆ, ಅವಂಗೆ ಹನ್ನೆರಡು ಬಂದಿತ್ತು. ಡಾಕ್ಟ್ರು ಮಾತ್ರೆ ಕೊಟ್ರು, ಒಂದೂವರೆ ತಿಂಗ್ಳು ನುಂಗ್ದ, ಇಳೀತು. ಈಗ ಹುರುಳಿ ಬಿತ್ಕಂಡು ಆರಾಮಾಗವ್ನೆ.

ನಗ್ತೀಯಾ? ಎಸ್ಸೆಸ್ಸೆಲ್ಸಿ ಫೇಲಾದೋನು ಡಾಕ್ಟ್ರಿಕೆ ಯಾವಾಗ ಕಲ್ತ ಅಂತಾನಾ? ಫೋನಲ್ಲಿ ನೋಡ್ದೆ ಕಣಣ್ಣ. ಇಪ್ಪತ್ತು ದಿನದಿಂದ ಅದೇ ನೋಡ್ತಾ ಇವ್ನಿ. ಯಾಕೆ ಅಂದ್ರೆ... ಯಾಕೆ ಏನು, ನಿನಗೋಸ್ಕರ!

ನಿಜವಾಗ್ಲೂ ಕಾಯ್ಲೆ ಇರೋನು ಎಂಗಿರ್ತಾನೆ ಗೊತ್ತಾ ನಿಂಗೆ? ಕೆ.ಆರ್. ಪೇಟೆ ಸ್ಟ್ಯಾಂಡಲ್ಲಿ ಗೋಡೆ ಮುಂದೆ ನಿಂತ್ಕತಾನೆ. ಪಕ್ಕದಲ್ಲಿ ಮೂರು ಜನ ಬತ್ತಾರೆ, ಮುಗಿಸ್ಕಂಡು ಓಯ್ತಾರೆ, ಇವನು ಅಂಗೇ ನಿಂತವ್ನೆ. ಬತ್ತದೆ, ಬತ್ತದೆ ಅನ್ಸ್ತದೆ, ಬರಾಕಿಲ್ಲ. ಬಂದ್ರೂ ತೊಟ್ಟು, ತೊಟ್ಟು. ಹೊರಗಡೆ ಕಂಡಕ್ಟ್ರು ವಿಸಲ್ ಊದ್ತಾವ್ನೆ. ಆಳಾಗೋಗ್ಲಿ ಅಂತ ಬಂದು ಸ್ಟೇರಿಂಗ್ ಹಿಡುದ್ರೆ, ಚಿನಕುರಳಿ ಬರೋದ್ರಲ್ಲಿ ಅದೆಲ್ಲಿತ್ತೋ, ನುಗ್ಗಿ ಬತ್ತದೆ! ಹಿಂದೆ ಅರವತ್ತು ಜನ ಕುಂತವ್ರೆ. ಏನ್ ಮಾಡ್ತಾನೆ? ಗಾಡಿ ಪಕ್ಕಕ್ಕಾಕಿ, ‘ಟೈರು ನೋಡ್ಬುಟ್ಟು ಬತ್ತೀನಿ ಇರಿ’ ಅಂತ ಇಳೀತಾನೆ. ಹಿಂದಿನ ಟೈರಿನ ಮರೆಗೆ ನಿಂತ್ಕತಾನೆ, ಜನಕ್ಕೆ ಕೇಳ್ಲಿ ಅಂತ ನಡುನಡುವೆ ಕಾಲಲ್ಲಿ ಟೈರು ಒದೀತಾನೆ. ಒಂದು ಟ್ರಿಪ್ಪಿಗೆ ಮೂರು ಸಲ. ಒಬ್ಳು ಅಜ್ಜಿ ಕೇಳೇಬುಟ್ಳು, ‘ದಿನಾ ಅದೇನಪ್ಪ ಟೈರು ನೋಡ್ತೀಯ, ನಿಮ್ ಯಜಮಾನಂಗೆ ಯೋಳಿ ಹೊಸದು ಹಾಕ್ಸ್ಬಾರ್ದಾ?’ ಬಸ್ಸು ಬಸ್ಸೇ ನಕ್ತು ಕಣಣ್ಣ. ಅವನೂ ನಕ್ಕ. ನಗ್ದೆ ಏನ್ ಮಾಡಾನ? ಖಾಕಿ ಪ್ಯಾಂಟಿನ ಮ್ಯಾಲೆ ಒಂದು ತೊಟ್ಟು ಬಿದ್ರೂ ಕಾಣ್ತದೆ. ಅದಕ್ಕೆ ರೇಡಿಯೇಟರ್ಗೆ ನೀರು ಹುಯ್ಯೋ ನೆಪ ಮಾಡಿ ತೊಡೆ ಮ್ಯಾಲೆಲ್ಲಾ ಚೆಲ್ಕತಾನೆ. ಮನೇಲಿ ಹೆಂಡ್ತಿ ಕೈಗೆ ಕೊಡ್ದೆ ತಾನೇ ಒಕ್ಕತಾನೆ...

ಯಾರಾ? ಅವನು... ಯಾರೋ ಒಬ್ಬ ಡ್ರೈವರು. ನಾಗಮಂಗಲದ ಕಡೆಯೋನು. ನಿಂಗೆ ಗೊತ್ತಿಲ್ಲ ಬುಡು.

ಬನ್ನಿ ಅತ್ತಿಗೆ. ಕಾಪಿ ಯಾಕ್ ಮಾಡಾಕೋದ್ರಿ? ಅರ್ಧ ಸಾಕು, ಅರ್ಧ ಸಾಕು... ಹೂಂ, ಇಡಿ ಅಲ್ಲೇ.

ನೋಡ್ದೇನಣ್ಣ? ಲೋಟ ಕುಕ್ಕಿ ಒಳೀಕೋದ್ಲು, ನನ್ನ ಮಕ ಸೈತ ನೋಡ್ನಿಲ್ಲ. ಈ ಮನೆಗೆ ಬಂದಾಗ್ನಿಂದ ಮಂಚಮ್ಮತ್ತಿಗೆ ನನ್ನ ಮಾತಾಡಿಸ್ದೆ ಲೋಟ ಇಟ್ಟಿದ್ದಿಲ್ಲ. ಪಾಪ, ನಿನ್ ಚಿಂತೇಲಿ ಅವಳಿಗೆ ಕಣ್ಣು ಕಾಣ್ತಿಲ್ಲ. ಓದ ವಾರ ಕರಿಘಟ್ಟದ ಮೆಟ್ಲು ಹತ್ತಿ ಹರಕೆ ಹೊತ್ಕಂಡು ಬಂದ್ಳಂತಲ್ಲ, ಆ ಮಂಡಿ ನೋವಿಟ್ಕಂಡು. ನಮ್ ಮನೇವ್ಳು ಬೈರಮ್ಮ ಯೋಳುದ್ಲು. ಯೋಳಿ ಸೆರಗಲ್ಲಿ ಕಣ್ಣೊರೆಸ್ಕಂಡ್ಳು. ಅದ ಕೇಳ್ದಾಗ್ನಿಂದ ಗಂಟ್ಲಲ್ಲಿ ಅನ್ನ ಇಳೀತಾ ಇಲ್ಲ ಕಣಣ್ಣ ನಂಗೆ. ಆಣೆಗೂ ಇಳೀತಾ ಇಲ್ಲ.

ಅದಕ್ಕೇ ಬ್ಯಾಡ ಅನ್ನೋದು. ಹನ್ನೆರಡು ಕಡೆ ಚುಚ್ಚಿ ಚೂರು ತೆಗೀತಾರಂತೆ! ನಿಂಗ್ಯಾಕಣ್ಣ ಅದು? ಅದೂ ಎಲ್ಲಿಂದ ಅಂತೀಯ... ಥೂ, ಯೋಳಾಕೂ ನಾಚ್ಕೆ... ತಡಿ. ಒಂದ್ನಿಮ್ಸ ತಡಿ. ಈ ಕಾಪಿ ಒಂದು... ಟೈರು ನೋಡ್ಬುಟ್ಟು ಬತ್ತೀನಿ.

...ಬಂದೆ. ಏ, ಎಲ್ಲಿ ಕಾಲು ಗಂಟೆ ಆಯ್ತು? ನಿಮ್ ಹಿತ್ಲು ಸೀಬೆ ಮರ ನೋಡ್ತಾ ನಿಂತಿದ್ದೆ. ಒಳ್ಳೆ ಕಾಯಿ ಬಿಟ್ಟದೆ... ಏನಣ್ಣ? ನಾನೇನಂದೆ? ಟೈರಾ? ಟೈರು ಅಂದ್ನಾ?

...ಬಸ್ಸೆಲ್ಲದೆ ಇಲ್ಲಿ.

ಬಾಯ್ ತಪ್ತು ಕಣಣ್ಣ, ಬಾಯಭ್ಯಾಸ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡಂಗಾಯ್ತು ನನ್ ಕತೆ. ಹೂಂ, ನಾನೇ. ನಾಗಮಂಗಲದೋನೂ ಇಲ್ಲ, ಯಾವನೂ ಇಲ್ಲ. ಅದ್ರಲ್ಲೇನು? ನಂಗೂ ಐವತ್ತೆಂಟಾಯ್ತು, ಸ್ವಲ್ಪ ತೊಂದ್ರೆ ಅದೆ. ಆದ್ರೆ ನನ್ ರಿಪೋರ್ಟು ಒಂದೂ ಚಿಲ್ಲರೆ ಅಂತ ಬಂದದೆ! ಯಜಮಾನ್ರ ಟೇಬಲ್ ಮ್ಯಾಲೆ ಎಲ್ಲಾರ ಪಟ್ಟಿ ಇತ್ತು, ಅವರೇ ಬೆನ್ನು ತಟ್ಟುದ್ರು, ‘ಚಿಕ್ಕಸ್ವಾಮಿ, ನಿಂದು ಇಪ್ಪತ್ತು ವರ್ಸದ ಹುಡುಗನ ಮೈ ಕಣಯ್ಯ’ ಅಂತ. ಮೂವತ್ತೊಂದು ವರ್ಸದಲ್ಲಿ ಒಂದು ಸಲ ಬೆನ್ನು ತಟ್ಟಿದ್ದಿಲ್ಲ ಆವಯ್ಯ. ಅವತ್ತು ತಟ್ಟುದ್ರು. ನಂಗೆ ಅಲ್ಲೇ ಭೂಮಿ ಬಾಯ್ಬುಟ್ರೆ ಸಾಕು ಅನ್ನಿಸ್ತು.

ಯಾಕಾ? ಯಾಕೆ ಅಂತ ಕೇಳ್ಬ್ಯಾಡ.

ನೀನು ಗದ್ದೆ ಮಾಡೋನು ಕಣಣ್ಣ. ಕಾಯ್ಲೆ ಬಂದ್ರೆ ಗದ್ದೆ ನಿನ್ನ ಆಚೀಕೆ ಕಳ್ಸಾಕಿಲ್ಲ. ನಂದು ಅಂಗಲ್ಲ. ನಾಳೆ ಇವಂಗೆ ಅಂಥಾ ಕಾಯ್ಲೆ ಅಂತ ಪಟ್ಟೀಲಿ ಬಂದ್ರೆ ನಾಡಿದ್ದು ಸ್ಟೇರಿಂಗ್ ಕೊಡ್ತಾರಾ? ಡ್ರೈವರ್ ಅಲ್ದೆ ನಾನ್ಯಾರಣ್ಣ? ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆವರ್ಗೂ ಹೂ ಮಾರೋರು, ಸ್ಕೂಲ್ ಮಕ್ಳು ಎಲ್ಲಾ ‘ಡ್ರೈವರಣ್ಣ’ ಅಂತಾರೆ. ಅದ ಕಿತ್ಕಂಡ್ರೆ ನಾನು ಜಗಲಿ ಮ್ಯಾಲೆ ಕುಂತ್ಕಂಡು ನೊಣ ಹೊಡೀಬೇಕು. ಆಮೇಲೆ ಆಪ್ರೇಸನ್ ಅಂತಾರೆ. ಆದ್ಮೇಲೆ ಗಂಡಸ್ತನಾನೇ ಇರಾಕಿಲ್ಲ ಅಂತ ಒಬ್ಬ ಅಂತಾನೆ, ಇರ್ತದೆ ಅಂತ ಇನ್ನೊಬ್ಬ ಅಂತಾನೆ. ಇದನ್ನೆಲ್ಲಾ ಯಾರ್ನ ಕೇಳದು? ಬೈರಮ್ಮನ್ನ ಕೇಳದಾ?

ಅಪ್ಪ ನೆಪ್ಪಾಯ್ತಾನೆ ಕಣಣ್ಣ. ಬೆಳಗಾಗೆದ್ದು ಆ ತೆಂಗಿನಮರ ಹಿಡ್ಕಂಡು ನಿಂತ್ಕತಿದ್ದ. ನಿಂತೇ ಇರ್ತಿದ್ದ. ‘ಅಪ್ಪ ಮರಕ್ಕೆ ಗುಟ್ಟು ಯೋಳ್ತಾವ್ನೆ’ ಅಂತ ನಾವಿಬ್ರೂ ನಗ್ತಿದ್ವಿ. ಆಮೇಲೆ ಸೊಂಟನೋವು ಅಂದ. ಉಳುಕು ಅಂದ್ಕಂಡು ಎಣ್ಣೆ ನೀವುದ್ವಿ. ನೀವ್ತಾ ನೀವ್ತಾನೇ ಓದ. ಏನಾಗಿತ್ತು ಅಂತ ಯಾರ್ಗೂ ಗೊತ್ತಾಗ್ನಿಲ್ಲ. ನಂಗೂ ಈಗ ಎರಡು ತಿಂಗ್ಳಿಂದ ಸೊಂಟ... ಇಲ್ಲ ಇಲ್ಲ, ಅದು ಸೀಟಿಂದು. ಸೀಟು ಕುಸಿದೋಗದೆ ಕಣಣ್ಣ, ಸ್ಪಂಜೇ ಇಲ್ಲ.

ಏನಾರಾ ಮಾತಾಡಣ್ಣ. ನೀನು ಸುಮ್ಕಿದ್ದಷ್ಟೂ ನಾನು ಬೊಗಳ್ತಾ ಓಯ್ತೀನಿ. ನಾಳೆ ಓಗಾಕಿಲ್ಲ ಅಂತ ಒಂದು ಮಾತು ಅಂದ್ಬುಡು, ಎದ್ದೋಯ್ತೀನಿ. ನಿಂಗೇನೂ ಇಲ್ಲ. ಎಂಗೆ ಗೊತ್ತು ಅಂದ್ರೆ ಗೊತ್ತು, ಅಷ್ಟೇ! ಏನೂ ಇಲ್ದಿರೋ ಮೈಗೆ ಸೂಜಿ ಚುಚ್ಚುಸ್ಕತಾನಲ್ಲ ನಮ್ಮಣ್ಣ, ಅದ ನಾನು ಕಣ್ಣಾರೆ ನೋಡ್ಕಂಡು...

ಇದೇನು? ಜೇಬಿಂದ ಏನ್ ತೆಗ್ದೆ? ಓದ್ಬೇಕಾ? ಕೊಡು.

ಕುಳ್ಳಯ್ಯ. ವಯಸ್ಸು ಅರವತ್ಮೂರು. ಪಿ.ಎಸ್.ಎ... ಒಂದು ಪಾಯಿಂಟು ಎರಡು. ನೋಡ್ದಾ! ನೋಡ್ದಾ ಮತ್ತೆ! ಬಡ್ಕಂಡ್ನಲ್ಲ, ನಿಂಗೇನೂ ಇಲ್ಲ ಅಂತ! ಮೈಸೂರಿನ ಡಾಕ್ಟ್ರು ಇನ್ನೊಂದ್ಸಲ ರಕ್ತ ನೋಡವ್ರೆ, ಸರಿಯಾಗದೆ, ಇನ್ಯಾಕೆ... ತಾರೀಕು... ಓದ ಶುಕ್ರವಾರ?

ಓದ ಶುಕ್ರವಾರಾನೇ ಓಗಿದ್ದಾ?

ಐದು ದಿವ್ಸ ಆಯ್ತಲ್ಲಣ್ಣ. ಐದು ದಿವ್ಸದಿಂದ ನಿಂಗೆ... ಅತ್ತಿಗೆಗೂ ಗೊತ್ತಾ? ಅದಕ್ಕೇನಾ ಲೋಟ... ಬಂದಾಗ್ನಿಂದ ನಾನು ಇಲ್ಲಿ ಕುಂತ್ಕಂಡು ಪುರಾಣ ಯೋಳ್ತಾ ಇವ್ನಿ, ನೀನು ಅವರೆಕಾಯಿ ಸುಲೀತಾ ಕೇಳ್ತಾ ಇದ್ದೀಯ. ನಾನೇ ಬಾಯ್ಬುಟ್ಟು ಯೋಳ್ಲಿ ಅಂತ ಕಾಯ್ತಿದ್ದಾ?

ಬೈಯಣ್ಣ. ಎದ್ದು ಎರಡು ಬಾರ್ಸು, ಕೈ ಹಿಡಿಯಾಕಿಲ್ಲ.

ಹೂಂ. ನಾನೇ ಮಾಡ್ದೆ. ಎರಡೂ ಫಾರಮ್ಮು ತುಂಬ್ದೋನು ನಾನು. ‘ನನ್ನ ಕೈ ನಡುಗ್ತದೆ, ನೀನೇ ಬರ್ಕಳ್ಲಾ’ ಅಂತ ನೀನಂದೆ. ಅಷ್ಟು ನಂಬ್ಕಂಡು ಅಂದೆ. ರಕ್ತ ತೆಗಿಯೋ ಹುಡುಗಿ, ಪ್ರಿಯಾಂಕ ಅಂತ ಕೋಟಿನ ಮ್ಯಾಲೆ ಬರ್ದಿತ್ತು, ‘ಹೆಸರೇನು ಸಾರ್’ ಅಂದ್ಲು. ನಾನು ‘ಕುಳ್ಳಯ್ಯ’ ಅಂದ್ಬುಟ್ಟೆ. ನಿನ್ನ ಫಾರಮ್ಮು ಚಾಚ್ದೆ. ಅವಳು ಅದೇ ಎಸ್ರ ನನ್ನ ಸೀಸೆಗೆ ಅಂಟುಸುದ್ಲು. ನೀನು ಕುಂತಾಗ ನಾನೇ ಮುಂದೆ ಬಿದ್ದು ‘ಇವರು ಚಿಕ್ಕಸ್ವಾಮಿ’ ಅಂದೆ. ನೀನು ಸೂಜಿ ನೋಡಾಕಾಗ್ದೆ ಆಚೆ ಕಡೆ ತಿರುಗ್ಕಂಡಿದ್ದೆ. ಆದ್ರೂ ಕಿವಿಗೆ ಬಿದ್ದಿತ್ತೇನೋ, ಮೈಸೂರಲ್ಲಿ ಒಂದು ಪಾಯಿಂಟು ಎರಡು ಅಂದಾಗ ನೆಪ್ಪಾಗಿರ್ಬೇಕು ನಿಂಗೆ.

ಕೆಟ್ಟದ್ದು ಬಂದ್ರೆ ನಿನ್ನೆಸ್ರಲ್ಲಿ ಬರ್ಲಿ, ಯಜಮಾನ್ರ ಕಣ್ಣಿಗೆ ಬೀಳ್ದೆ ಇರ್ಲಿ, ಆಮೇಲೆ ನಿಂಗೆ ಗುಟ್ಟಾಗಿ ಯೋಳಿ ನಾನೇ ತೋರಿಸ್ಕತೀನಿ ಅಂತ ಇದ್ದೆ. ಶಿವನಾಣೆಗೂ ಅಂಗೇ ಇದ್ದೆ. ಆದ್ರೆ ಮೂವತ್ತೆಂಟು ಅಂದಾಗ ನಾಲಿಗೆ ಬಿದ್ದೋಯ್ತು ಕಣಣ್ಣ. ಕಾಗದದಲ್ಲಿ ನಿನ್ನೆಸ್ರು ಇರೋಗಂಟ ಕಾಯ್ಲೆ ನಿಂದು, ನಂದಲ್ಲ, ಅಂತ ಅನ್ನಿಸ್ತಿತ್ತು. ನಿನ್ ಮನೇಲಿ ಒಲೆ ಹತ್ಲಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ನಾನು ನಿದ್ದೆ ಮಾಡ್ದೆ. ಒಂದು ದಿವ್ಸ ಅಲ್ಲ, ಮೂರು ದಿವ್ಸ ಚೆನ್ನಾಗಿ ನಿದ್ದೆ ಮಾಡ್ದೆ ಕಣಣ್ಣ. ಇಂಥಾ ನಾಯಿ ನಾನು.

ಭಯ ಕಣಣ್ಣ. ಬೇರೆ ಏನೂ ಅಲ್ಲ. ಭಯ.

ಇನ್ನೊಂದು ಚೀಟಿ? ಇದ್ಯಾರ್ದು... ನಂಗೆ ಅಕ್ಸರ ಕಾಣ್ತಿಲ್ಲ, ತಡಿ, ಕಣ್ಣೊರೆಸ್ಕತೀನಿ. ಚಿಕ್ಕಸ್ವಾಮಿ. ಐವತ್ತೆಂಟು. ನಾಳೆ ಬೆಳಿಗ್ಗೆ ಹತ್ತೂವರೆ.

ನಾಳೆ ಓಗ್ಬೇಕಾದೋನು ನಾನಾ? ನಂಗೇ ಟೈಮು ಬರ್ಸ್ಕಂಡು ಬಂದಿದ್ದಾ, ಓದ ಶುಕ್ರವಾರಾನೇ?

ಕೆಳಗೆ ಏನೋ ಅದೆ... ‘ಜೊತೆಯಲ್ಲಿ ಬರುವವರು’. ಕುಳ್ಳಯ್ಯ. ‘ರೋಗಿಗೆ ಏನಾಗಬೇಕು’...

ಅಣ್ಣ ಅಂತ ಬರ್ಸಿದ್ದೀಯ.

ನಾನು ಮಾಡಿದ್ದೆಲ್ಲಾ ಗೊತ್ತಾದ್ಮೇಲೂವೆ... ಅಣ್ಣ ಅಂತಾನೇ ಬರ್ಸಿದ್ಯಾ?